ಭಯ ಮತ್ತು ಆತಂಕದ ಲ್ಯಾಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾವನೆ ಮತ್ತು ಆತಂಕದ ನರವಿಜ್ಞಾನವನ್ನು ಅಧ್ಯಯನ ಮಾಡುವ ವಿಶ್ವವಿದ್ಯಾಲಯದ ಲ್ಯಾಬುಗಳಿಗೆ ಸ್ವಯಂಸೇವಕರಾಗಿ ಹೋಗುವವರು, ಅವರ ಮನೆಯವರು, ಈ ಕೆಲಸ ಕಲಿಯಬೇಕೆಂದಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಸಾಲದು.

ಅಲ್ಲಿ ಅಳೆಯುವುದು ಏನನ್ನು? ಭಯವನ್ನು ಅಳೆಯಲು ಬರುತ್ತದೆಯೇ?

ಭಯಕ್ಕೆ ಮೀಟರ್ ಇಲ್ಲ. ಹೆದರಿದ ದೇಹ ಏನು ಮಾಡುತ್ತದೆ ಎಂಬುದನ್ನು ಅಳೆಯಬಹುದು: ಅಂಗೈ ಎಷ್ಟು ಬೆವರಿತು, ರೆಪ್ಪೆ ಎಷ್ಟು ಜೋರಾಗಿ ಬಡಿಯಿತು, ಎದೆಬಡಿತ ಏರಿತೋ ಇಳಿಯಿತೋ, ನೆತ್ತಿಯ ಮೇಲಿನ ವಿದ್ಯುತ್ತು ಎಷ್ಟು ಮೈಕ್ರೊವೋಲ್ಟ್ ಅಲುಗಿತು, ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯಿತು. ಇದರ ಜೊತೆಗೆ "ಎಷ್ಟು ಹೆದರಿಕೆಯಾಯಿತು, 0ರಿಂದ 10ರೊಳಗೆ ಹೇಳಿ" ಎಂದು ಕೇಳುತ್ತಾರೆ. ಈ ಎರಡೂ ಲೆಕ್ಕ ತಾಳೆಯಾಗಲೇಬೇಕೆಂದಿಲ್ಲ. ಅಂಗೈ ಒದ್ದೆಯಾಗಿದ್ದರೂ "ಏನೂ ಅನ್ನಿಸಲಿಲ್ಲ" ಅನ್ನುವವರಿದ್ದಾರೆ. "ಜೀವವೇ ಹೋದಂಗಾಯ್ತು" ಎಂದವರ ಬೆವರಿನ ಗೆರೆ ಚಪ್ಪಟೆಯಾಗಿರುವುದೂ ಉಂಟು.

ಇದು ಉಪಕರಣದ ದೋಷವಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಲೆಡೂ ಇಲಿಗಳ ಭಯದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ಅವರು ಮನೋವೈದ್ಯ ಡೇನಿಯಲ್ ಪೈನ್ ಜೊತೆ 2016ರಲ್ಲಿ ಮಂಡಿಸಿದ ವಾದ ಇದೇ: ಅಪಾಯ ಕಂಡಾಗ ದೇಹವನ್ನು ಸಜ್ಜು ಮಾಡುವ ಜಾಲ ಒಂದು, "ನನಗೆ ಹೆದರಿಕೆಯಾಗುತ್ತಿದೆ" ಎಂಬ ಅರಿವನ್ನು ಕಟ್ಟುವ ಜಾಲ ಇನ್ನೊಂದು. ಇದನ್ನು ಎಲ್ಲರೂ ಒಪ್ಪಿಲ್ಲ. ಆದರೂ ಲ್ಯಾಬಿಗೆ ಹೋಗುವವರು ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಭಯ, ಆತಂಕ ಎರಡೂ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಒಂದೇ. ಲ್ಯಾಬಿನಲ್ಲಿ ಬೇರೆ ಬೇರೆ. ಎದುರಿಗೆ ಹಾವು ಬಂದರೆ ಆಗುವುದು ಭಯ; ಹುಲ್ಲಿನಲ್ಲಿ ಹಾವು ಇದ್ದರೂ ಇರಬಹುದು ಎಂದು ಒಂದು ಗಂಟೆ ಹೆಜ್ಜೆ ನೋಡಿ ನೋಡಿ ಇಡುವುದು ಆತಂಕ. ಮೊದಲನೆಯದಕ್ಕೆ ಶುರು, ಕೊನೆ ಎರಡೂ ಇದೆ. ಎರಡನೆಯದಕ್ಕೆ ಕೊನೆ ಯಾವಾಗ ಎಂದು ಗೊತ್ತಿಲ್ಲ.

ಇದನ್ನು ಪ್ರಯೋಗವಾಗಿ ಮಾಡುವ ಒಂದು ಜನಪ್ರಿಯ ವಿಧಾನದಲ್ಲಿ ಮೂರು ಸ್ಥಿತಿಗಳಿರುತ್ತವೆ. ಒಂದರಲ್ಲಿ ಶಾಕ್ ಬರುವುದೇ ಇಲ್ಲ. ಇನ್ನೊಂದರಲ್ಲಿ ಪರದೆಯ ಮೇಲೆ ಒಂದು ಆಕೃತಿ ಕಂಡಾಗ ಮಾತ್ರ ಬರಬಹುದು. ಮೂರನೆಯದರಲ್ಲಿ ಯಾವಾಗ ಬೇಕಾದರೂ ಬರಬಹುದು. ಯಾವ ಸ್ಥಿತಿ ನಡೆಯುತ್ತಿದೆ ಎಂದು ಪರದೆಯ ಮೇಲೆ ಬರೆದೇ ಇರುತ್ತದೆ, ಮುಚ್ಚುಮರೆ ಇಲ್ಲ. ಇದ್ದಕ್ಕಿದ್ದಂತೆ ತೀವ್ರ ದಿಗಿಲು ಎರಗುವ ಪ್ಯಾನಿಕ್ ಕಾಯಿಲೆ ಇರುವವರ ಮೇಲೆ ಕ್ರಿಶ್ಚಿಯನ್ ಗ್ರಿಯೋ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರರಿಗೂ ಅವರಿಗೂ ಎದ್ದು ಕಂಡ ವ್ಯತ್ಯಾಸ ಮೂರನೆಯ ಸ್ಥಿತಿಯಲ್ಲಿತ್ತು. ಯಾವಾಗ ಬರಬಹುದು ಎಂದು ಗೊತ್ತಿರುವುದಲ್ಲ, ಯಾವಾಗ ಎಂದು ಗೊತ್ತಿಲ್ಲದ್ದು ಅವರನ್ನು ಹೆಚ್ಚು ಕಾಡಿತು.

ಹಾಗಾದರೆ ಕರೆಂಟು ಶಾಕ್ ಕೊಡುವುದು ನಿಜವೇ?

ಕೆಲವು ಪ್ರಯೋಗಗಳಲ್ಲಿ ನಿಜ. ಒಪ್ಪಿಗೆ ಪತ್ರದಲ್ಲಿ ಅದು ಸ್ಪಷ್ಟವಾಗಿ ಬರೆದಿರುತ್ತದೆ, ಹೇಳದೆ ಕೊಡುವುದಿಲ್ಲ. ಗೋಡೆಯ ಪ್ಲಗ್ಗಿಗೂ ನಿಮ್ಮ ಕೈಗೂ ನೇರ ಸಂಪರ್ಕ ಇರುವುದಿಲ್ಲ. ಮುಖ್ಯ ವಿದ್ಯುತ್ತಿನಿಂದ ಬೇರ್ಪಡಿಸಿದ ಸ್ಟಿಮ್ಯುಲೇಟರ್ ಕೆಲವೇ ಮಿಲಿ ಆಂಪಿಯರಿನ ಪುಟ್ಟ ಮಿಡಿತಗಳನ್ನು ಮಣಿಕಟ್ಟಿಗೋ ಮುಂಗೈಗೋ ಕಳಿಸುತ್ತದೆ.

ಮಟ್ಟ ನಿಗದಿ ಮಾಡುವವರು ನೀವೇ. ಗೊತ್ತೇ ಆಗದಷ್ಟು ಕಡಿಮೆಯಿಂದ ಶುರು ಮಾಡಿ ಹಂತ ಹಂತವಾಗಿ ಏರಿಸುತ್ತಾರೆ. ಪ್ರತಿ ಸಲ ಒಂದು ಅಂಕ ಹೇಳಬೇಕು. "ಕಿರಿಕಿರಿಯಾಗುತ್ತದೆ, ಆದರೆ ನೋವಿಲ್ಲ" ಎನ್ನುವಲ್ಲಿ ನಿಲ್ಲಿಸುತ್ತಾರೆ. ಇಲ್ಲಿ ಸ್ವಯಂಸೇವಕರು ಮಾಡುವ ಸಾಮಾನ್ಯ ತಪ್ಪು ಎರಡು. ಧೈರ್ಯ ತೋರಿಸಲು ಹೋಗಿ ಮಟ್ಟ ಏರಿಸಿಕೊಳ್ಳುವುದು ಒಂದು; ಅಂಥವರು ಹತ್ತು ನಿಮಿಷದಲ್ಲಿ ಪ್ರಯೋಗ ಬಿಟ್ಟು ಏಳುತ್ತಾರೆ. ಹೆದರಿ ತೀರಾ ಕೆಳಗೆ ನಿಲ್ಲಿಸಿಬಿಡುವುದು ಇನ್ನೊಂದು. ಆಗ ದೇಹಕ್ಕೆ ಕಲಿಯಲು ಏನೂ ಇರುವುದಿಲ್ಲ, ಡೇಟಾ ಕಸದ ಬುಟ್ಟಿಗೆ. ಪ್ರಾಮಾಣಿಕವಾಗಿ ಅಂಕ ಕೊಟ್ಟರೆ ಸಾಕು.

ಇದಾದ ಮೇಲಿನ ಕ್ರಮ ಸರಳ. ನೀಲಿ ಚೌಕ, ಹಳದಿ ಚೌಕ ಎಂದಿಟ್ಟುಕೊಳ್ಳಿ. ನೀಲಿ ಬಂದಾಗ ಕೆಲವು ಸಲ ಶಾಕ್, ಹಳದಿ ಬಂದಾಗ ಎಂದೂ ಇಲ್ಲ. ಪ್ರತಿ ಸಲವೂ ಯಾಕೆ ಕೊಡುವುದಿಲ್ಲ? ಪ್ರತಿ ಸಲ ಕೊಟ್ಟು ಆಮೇಲೆ ನಿಲ್ಲಿಸಿದರೆ ನಿಂತಿತು ಎಂದು ಒಂದೆರಡು ಸಲಕ್ಕೇ ಗೊತ್ತಾಗಿ ಕಲಿತ ಭಯ ಬೇಗ ಇಳಿದುಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಕೊಟ್ಟರೆ ನಿಧಾನವಾಗಿ ಇಳಿಯುತ್ತದೆ, ಇಳಿಯುವುದನ್ನು ನೋಡಲು ಸಮಯ ಸಿಗುತ್ತದೆ.

ಬೆರಳಿಗೆ ಕಟ್ಟುವ ಪಟ್ಟಿ ಯಾವುದು?

ಚರ್ಮದ ವಿದ್ಯುದ್ವಾಹಕತೆ ಅಳೆಯುವ ಎಲೆಕ್ಟ್ರೋಡು. ಅಂಗೈಯ ಬೆವರಿನ ಗ್ರಂಥಿಗಳನ್ನು ಆಳುವುದು ಅಪಾಯಕ್ಕೆ ದೇಹವನ್ನು ಸಜ್ಜು ಮಾಡುವ ಸಿಂಪಥೆಟಿಕ್ ನರಮಂಡಲ. ಗಾಬರಿಯಾದಾಗ ಅವು ತುಂಬಿಕೊಳ್ಳುತ್ತವೆ, ಚರ್ಮ ವಿದ್ಯುತ್ತನ್ನು ಸ್ವಲ್ಪ ಹೆಚ್ಚು ಹರಿಯಬಿಡುತ್ತದೆ. ಬಲಗೈಯವರಾದರೆ ಎಡಗೈಯ ತೋರುಬೆರಳು, ನಡುಬೆರಳಿಗೆ ಎರಡು ಬೆಳ್ಳಿ-ಬೆಳ್ಳಿಕ್ಲೋರೈಡ್ ಎಲೆಕ್ಟ್ರೋಡು ಕಟ್ಟಿ, ನಡುವೆ 0.5 ವೋಲ್ಟ್ ಸ್ಥಿರ ವೋಲ್ಟೇಜು ಕೊಡುತ್ತಾರೆ. ಇದು ಅನುಭವಕ್ಕೇ ಬರುವುದಿಲ್ಲ.

ಪರದೆಯ ಮೇಲೆ ನೋಡಿದರೆ ಹೀಗಿರುತ್ತದೆ: ಒಂದು ಗೆರೆ 5 ಮೈಕ್ರೊಸೀಮನ್ಸ್ (ವಿದ್ಯುದ್ವಾಹಕತೆಯ ಅಳತೆ) ಆಸುಪಾಸಿನಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ನೀಲಿ ಚೌಕ ಬರುತ್ತದೆ. ಏನೂ ಆಗುವುದಿಲ್ಲ. ಒಂದು ಸೆಕೆಂಡು ಕಳೆದು, ಎರಡನೆಯದರ ಹೊತ್ತಿಗೆ ಗೆರೆ ತಲೆ ಎತ್ತುತ್ತದೆ, ಅರ್ಧ ಮೈಕ್ರೊಸೀಮನ್ಸ್ ಏರಿ, ಏರಿದ್ದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಈ ತಡವೇ ತೊಡಕಿನ ಮೂಲ. ಚೌಕಗಳ ನಡುವೆ 8ರಿಂದ 12 ಸೆಕೆಂಡು ಅಂತರ ಇಡದಿದ್ದರೆ ಒಂದರ ಇಳಿತದ ಮೇಲೆ ಇನ್ನೊಂದರ ಏರಿಕೆ ಹತ್ತಿ ಕೂರುತ್ತದೆ. ಪ್ರಯೋಗ ಬೇಸರ ಬರುವಷ್ಟು ನಿಧಾನ ಎಂದು ದೂರುವವರಿಗೆ ಕಾರಣ ಇದು.

ಹಾಳಾಗುವುದು ಎಲ್ಲಿ? ಎಸಿ ಜೋರಾಗಿ ಹಾಕಿದ ಕೋಣೆಯಲ್ಲಿ ಬೆರಳು ತಣ್ಣಗಾದರೆ ಗೆರೆ ಸತ್ತಂತಿರುತ್ತದೆ. ಕೋಣೆ 22ರಿಂದ 24 ಡಿಗ್ರಿಯಲ್ಲಿರಬೇಕು. ಸ್ಪಿರಿಟ್ಟಿನಿಂದ ಬೆರಳು ಒರೆಸಬಾರದು, ಚರ್ಮ ಒಣಗುತ್ತದೆ. ನೀರಿನಲ್ಲಿ ತೊಳೆದು ಒರೆಸಿಕೊಂಡರೆ ಸಾಕು. ಇಸಿಜಿಗೆ ಬಳಸುವ ಉಪ್ಪು ಹೆಚ್ಚಿರುವ ಜೆಲ್ ಹಾಕಿದರೆ ಅಂಕಿ ಸುಳ್ಳೇ ಏರುತ್ತದೆ. ಬೆವರಿನಷ್ಟೇ ಉಪ್ಪಿರುವ, ಅಂದರೆ ಸುಮಾರು 0.5 ಪ್ರತಿಶತದ ಜೆಲ್ ಬೇಕು, ಹಾಕಿದ ಮೇಲೆ 5ರಿಂದ 10 ನಿಮಿಷ ಇಳಿಯಲು ಬಿಡಬೇಕು. ಸಂಪರ್ಕ ಸರಿಯಿದೆಯೇ ಎಂದು ನೋಡಲು ಒಂದು ದೀರ್ಘ ಉಸಿರು ಎಳೆದುಕೊಳ್ಳಲು ಹೇಳುತ್ತಾರೆ. ಉಸಿರಿಗೇ ಗೆರೆ ಏರಬೇಕು. ಅದೇ ಕಾರಣಕ್ಕೆ ಪ್ರಯೋಗದ ಮಧ್ಯೆ ಕೆಮ್ಮು, ನಿಟ್ಟುಸಿರು, ಮಾತು ಬೇಡ. ಕೆಮ್ಮು ಬಂದರೆ ತಡೆಯಬೇಕಿಲ್ಲ, ಪರದೆ ನೋಡುತ್ತ ಕೂತ ಲ್ಯಾಬಿನವರು ಆ ಜಾಗಕ್ಕೊಂದು ಗುರುತು ಹಾಕಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದರೂ ಕೆಲವರ ಅಂಗೈ ಯಾವುದಕ್ಕೂ ಜಗ್ಗುವುದಿಲ್ಲ. ಅವರು ಧೈರ್ಯವಂತರು ಎಂದೇನಲ್ಲ, ಅವರ ಚರ್ಮ ಹಾಗೆ.

ಹೆಡ್‌ಫೋನಿನಲ್ಲಿ ಇದ್ದಕ್ಕಿದ್ದಂತೆ ಬರುವ ಆ ಸದ್ದು ಯಾಕೆ?

ಬೆಚ್ಚಿಬೀಳಿಸಲಿಕ್ಕೇ. 95ರಿಂದ 105 ಡೆಸಿಬಲ್‌ನ, 50 ಮಿಲಿಸೆಕೆಂಡಿನ ಕರ್ರೆನ್ನುವ ಶಬ್ದ. ಅದು ಏರುತ್ತ ಬರಬಾರದು, ಒಮ್ಮೆಲೇ ಬೀಳಬೇಕು. ಏರುತ್ತ ಬಂದರೆ ಬೆಚ್ಚುವಿಕೆಯೇ ಇಲ್ಲ. ಕಣ್ಣಿನ ಕೆಳಗೆ, ಪಾಪೆಯ ನೇರಕ್ಕೆ ಒಂದು ಪುಟ್ಟ ಎಲೆಕ್ಟ್ರೋಡು, ಅಲ್ಲಿಂದ ಕಣ್ಣಿನ ಹೊರತುದಿಯ ಕಡೆಗೆ 1ರಿಂದ 2 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು. ಸದ್ದಾದ 20ರಿಂದ 100 ಮಿಲಿಸೆಕೆಂಡಿನೊಳಗೆ ರೆಪ್ಪೆಯ ಸ್ನಾಯು ಎಷ್ಟು ಬಿಗಿಯಿತು ಎಂಬುದೇ ಅಳತೆ. ಕಾಡಿಗೆ, ಫೌಂಡೇಶನ್ ಹಚ್ಚಿಕೊಂಡಿದ್ದರೆ ಒರೆಸಬೇಕಾಗುತ್ತದೆ.

ಈ ಅಳತೆಯ ಗುಣವೆಂದರೆ ಅದನ್ನು ಬೇಕೆಂದು ತಡೆಯಲಾಗದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಚಾರ್ಲ್ಸ್ ಡಾರ್ವಿನ್ ದಪ್ಪ ಗಾಜಿಗೆ ಮುಖವೊತ್ತಿ ನಿಂತು, ಒಳಗಿನ ವಿಷದ ಹಾವು ಎರಗಿದರೂ ಹಿಂದೆ ಸರಿಯುವುದಿಲ್ಲ ಎಂದು ಶಪಥ ಮಾಡಿ, ಹಾವು ಎರಗಿದ ಕ್ಷಣ ಒಂದೆರಡು ಗಜ ಹಿಂದಕ್ಕೆ ಹಾರಿದ್ದರು. ಗಾಜಿದೆ ಎಂಬುದು ಅವರಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಮೊದಲ ಐದಾರು ಸದ್ದಿಗೆ ಎಲ್ಲರೂ ವಿಪರೀತ ಬೆಚ್ಚುತ್ತಾರೆ, ಆಮೇಲೆ ಒಗ್ಗಿಹೋಗುತ್ತದೆ. ಆದ್ದರಿಂದ ಶುರುವಿನ ಕೆಲವು ಸದ್ದುಗಳು ಲೆಕ್ಕಕ್ಕಿಲ್ಲ. ಶ್ರವಣದೋಷ, ಕಿವಿಯೊಳಗೆ ಗುಂಯ್‌ಗುಡುವ ತೊಂದರೆ ಇದ್ದರೆ ಮೊದಲೇ ಹೇಳಿ. ಈ ಪ್ರಯೋಗ ನಿಮಗಲ್ಲ.

ಇಇಜಿಗೆ ಬರುವಾಗ ತಲೆಗೆ ಎಣ್ಣೆ ಹಚ್ಚಬೇಡಿ ಅನ್ನುತ್ತಾರೆ. ಸ್ವಲ್ಪವೂ ಬೇಡವೇ?

ಸ್ವಲ್ಪವೂ ಬೇಡ. ಇಇಜಿ ಎಂದರೆ ತಲೆಗೆ ಎಲೆಕ್ಟ್ರೋಡುಗಳ ಟೋಪಿ ಹಾಕಿ ಮಿದುಳಿನ ವಿದ್ಯುತ್ತನ್ನು ದಾಖಲಿಸುವುದು; ಕೊಬ್ಬರಿ ಎಣ್ಣೆ ವಿದ್ಯುತ್ತಿಗೆ ಗೋಡೆ. ನೆತ್ತಿ ಮತ್ತು ಎಲೆಕ್ಟ್ರೋಡಿನ ನಡುವಿನ ತಡೆಯನ್ನು ಹಲವು ಲ್ಯಾಬುಗಳಲ್ಲಿ 10 ಕಿಲೋಓಮ್‌ಗಿಂತ ಕೆಳಗೆ ತರಬೇಕಾಗುತ್ತದೆ. ಎಣ್ಣೆ ಇದ್ದರೆ 64 ಎಲೆಕ್ಟ್ರೋಡಿನಲ್ಲಿ ಒಂದೊಂದನ್ನೂ ಉಜ್ಜುತ್ತ ಕೂರಬೇಕು. ಅರ್ಧ ಗಂಟೆಯ ತಯಾರಿ ಒಂದೂವರೆ ಗಂಟೆಯಾಗುತ್ತದೆ, ಅಷ್ಟು ಹೊತ್ತಿಗೆ ಕೂತವರಿಗೆ ನಿದ್ದೆ. ಹಿಂದಿನ ರಾತ್ರಿಯೋ ಅಂದು ಬೆಳಿಗ್ಗೆಯೋ ಶಾಂಪೂ ಹಾಕಿ ತಲೆಸ್ನಾನ ಮಾಡಿ, ಕಂಡಿಷನರ್ ಬೇಡ, ಕೂದಲು ಒಣಗಿರಲಿ. ಉದ್ದ ಜಡೆಯವರು ಕತ್ತಿನ ಹತ್ತಿರ ಸಡಿಲ ಜಡೆ ಹಾಕಿಕೊಳ್ಳಿ, ತುರುಬು ಬೇಡ, ಟೋಪಿ ಕೂರುವುದಿಲ್ಲ. ಹಣೆಯ ವಿಭೂತಿ, ಕುಂಕುಮ ಒರೆಸುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಕೊನೆಗೆ ಕೂದಲ ತುಂಬ ಜೆಲ್ ಉಳಿಯುತ್ತದೆ. ಟವೆಲ್ ಕೊಡುವ ಲ್ಯಾಬು ಒಳ್ಳೆಯ ಲ್ಯಾಬು.

ಅದರಲ್ಲಿ ಆತಂಕ ಹೇಗೆ ಕಾಣುತ್ತದೆ?

ಆತಂಕ ಎಂದು ಬರೆದುಕೊಂಡು ಯಾವ ಅಲೆಯೂ ಬರುವುದಿಲ್ಲ. ಹೆಚ್ಚು ಅಧ್ಯಯನವಾಗಿರುವುದು ತಪ್ಪಿನ ಅಲೆ. ಐದು ಬಾಣದ ಗುರುತುಗಳು ಪರದೆಯ ಮೇಲೆ ಕ್ಷಣಕಾಲ ಕಾಣುತ್ತವೆ, ನಡುವಿನದು ಯಾವ ಕಡೆ ತಿರುಗಿದೆ ಎಂದು ಗುಂಡಿ ಒತ್ತಬೇಕು. ಅಕ್ಕಪಕ್ಕದವು ಎದುರು ದಿಕ್ಕಿಗೆ ತಿರುಗಿದ್ದರೆ ಬೆರಳು ತಪ್ಪುತ್ತದೆ. ತಪ್ಪು ಒತ್ತಿದ 100 ಮಿಲಿಸೆಕೆಂಡಿನೊಳಗೆ, ನೆತ್ತಿಯ ಮುಂಭಾಗದ ನಡುಗೆರೆಯಲ್ಲಿ, ಕೆಲವು ಮೈಕ್ರೊವೋಲ್ಟಿನ ಒಂದು ಕುಸಿತ. "ಅಯ್ಯೋ" ಎಂದು ಬಾಯಿಗೆ ಬರುವ ಮೊದಲೇ ಅದು ಬಂದುಹೋಗಿರುತ್ತದೆ. ಸದಾ ಚಿಂತೆ ಮಾಡುವವರಲ್ಲಿ, ಗೀಳು ಕಾಯಿಲೆ ಇರುವವರಲ್ಲಿ ಸರಾಸರಿಯಾಗಿ ಇದು ದೊಡ್ಡದು.

ತಪ್ಪನ್ನು ಅಳೆಯಬೇಕೆಂದರೆ ತಪ್ಪು ಆಗಬೇಕಲ್ಲ. ಕನಿಷ್ಠ ಆರೆಂಟು ತಪ್ಪುಗಳಿಲ್ಲದಿದ್ದರೆ ಸರಾಸರಿ ನಿಲ್ಲುವುದಿಲ್ಲ. ಅದಕ್ಕೇ 90 ಪ್ರತಿಶತಕ್ಕಿಂತ ಹೆಚ್ಚು ಸರಿ ಮಾಡುತ್ತಿದ್ದರೆ "ಇನ್ನೂ ಬೇಗ" ಎಂದು ಸೂಚನೆ ಬರುತ್ತದೆ, 75ಕ್ಕಿಂತ ಕೆಳಗಿಳಿದರೆ "ನಿಖರವಾಗಿ" ಎಂದು. ನಿಮ್ಮನ್ನು ಬೈಯುತ್ತಿದ್ದಾರೆ ಎಂದುಕೊಳ್ಳಬೇಡಿ. ಒಂದು ಕಣ್ಣು ಮಿಟುಕಿಸಿದರೆ ಈ ಅಲೆಯ ಹತ್ತಾರು ಪಟ್ಟು ದೊಡ್ಡ ಏರಿಳಿತ ಬರುತ್ತದೆ. ಬೇಸಿಗೆಯಲ್ಲಿ ನೆತ್ತಿ ಬೆವರಿದರೆ ಎಲ್ಲ ಗೆರೆಗಳೂ ತೇಲಿಕೊಂಡು ಹೋಗುತ್ತವೆ. ಗೋಡೆಯ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಟ್ಟುವಿಕೆ ಮೊಬೈಲ್ ಚಾರ್ಜರಿನ ಮೂಲಕವೂ ನುಸುಳುತ್ತದೆ. ಫೋನು ಹೊರಗಿಡಿ ಎನ್ನುವುದು ಶಿಸ್ತಿಗಾಗಿ ಅಲ್ಲ.

ಎಂಆರ್‌ಐಗೆ ತಾಳಿ, ಕಾಲುಂಗುರ ತೆಗೆಯಲೇಬೇಕೇ?

ತೆಗೆಯಲೇಬೇಕು. 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕ್ಷೇತ್ರದ ಸುಮಾರು 60,000 ಪಟ್ಟು, ಮತ್ತು ಅದು ಸದಾ ಚಾಲೂ ಇರುತ್ತದೆ; ಸ್ಕ್ಯಾನ್ ನಡೆಯದಿದ್ದಾಗಲೂ. ಶುದ್ಧ ಚಿನ್ನವನ್ನು ಅದು ಸೆಳೆಯುವುದಿಲ್ಲ, ನಿಜ. ಆದರೆ ತಾಳಿಸರಕ್ಕೆ ಸಿಕ್ಕಿಸಿಟ್ಟ ಸೇಫ್ಟಿಪಿನ್ನನ್ನು ಸೆಳೆಯುತ್ತದೆ. ಕೊಂಡಿಯ ಒಳಗಿನ ಸ್ಪ್ರಿಂಗು, ಹೇರ್‌ಪಿನ್ನು, ರವಿಕೆಯ ಹುಕ್ಕು, ತೋಳಿನ ತಾಯಿತ, ಸೊಂಟದ ಬೆಳ್ಳಿ ಉಡಿದಾರ, ಜರಿ ಸೀರೆ ಎಲ್ಲವೂ ಪಟ್ಟಿಯಲ್ಲಿವೆ. ಸೆಳೆಯದ ಲೋಹವೂ ರೇಡಿಯೊ ಅಲೆಗಳಿಗೆ ಬಿಸಿಯಾಗಿ ಚರ್ಮ ಸುಡಬಹುದು, ಚಿತ್ರವನ್ನೂ ಕೆಡಿಸುತ್ತದೆ. ಬಿಚ್ಚಲು ಬಾರದ ಮೂಗುತಿ ಇದ್ದರೆ ಹಿಂದಿನ ದಿನವೇ ಫೋನು ಮಾಡಿ ಹೇಳಿ. ತಾಳಿ ತೆಗೆಯುವುದು ಮನಸ್ಸಿಗೆ ಒಗ್ಗದಿದ್ದರೆ ಎಂಆರ್‌ಐ ಇಲ್ಲದ ಅಧ್ಯಯನವನ್ನು ಆರಿಸಿಕೊಳ್ಳಬಹುದು, ಯಾರೂ ಒತ್ತಾಯ ಮಾಡುವಂತಿಲ್ಲ.

ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು ಇದ್ದರೆ, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡಿದದ್ದಿದ್ದರೆ ಮುಚ್ಚಿಡಬೇಡಿ. ಕಾಪರ್-ಟಿ ಇದ್ದರೂ ತಿಳಿಸಿ.

ಕೊಳವೆಯೊಳಗೆ ಉಸಿರು ಕಟ್ಟಿದಂತಾದರೆ?

ಕೈಯಲ್ಲಿ ರಬ್ಬರ್ ಬುರುಡೆ ಕೊಟ್ಟಿರುತ್ತಾರೆ. ಹಿಸುಕಿದರೆ ಕೂಡಲೇ ಹೊರಗೆ ಎಳೆಯುತ್ತಾರೆ. ಮೊದಲೇ ಹೆದರಿಕೆ ಇದ್ದರೆ ಆಯಸ್ಕಾಂತವಿಲ್ಲದ ನಕಲಿ ಕೊಳವೆಯಲ್ಲಿ ಅಭ್ಯಾಸ ಮಾಡಿಸುವ ಕಡೆಗಳೂ ಇವೆ. ಇದರಲ್ಲೊಂದು ವಿಪರ್ಯಾಸವಿದೆ: ಆತಂಕದ ಅಧ್ಯಯನಕ್ಕೆ ಹೆಚ್ಚು ಬೇಕಾದವರೇ ಬಾಗಿಲಿನಿಂದ ಹಿಂದಿರುಗುತ್ತಾರೆ. ಒಳಗೆ ಹೋದ ಆತಂಕಿತರು ತಲೆ ಹೆಚ್ಚು ಅಲುಗಿಸುತ್ತಾರೆ, ಅರ್ಧ ಮಿಲಿಮೀಟರ್ ಅಲುಗಾಟವೂ ಚಿತ್ರದಲ್ಲಿ ಕಾಣುತ್ತದೆ. ಕೊನೆಗೆ ಉಳಿಯುವ ಡೇಟಾ ಸ್ವಲ್ಪ ಧೈರ್ಯವಂತರ ಪರವಾಗಿ ವಾಲಿರುತ್ತದೆ.

ಅಮಿಗ್ಡಲ ಭಯದ ಕೇಂದ್ರ ಅಂತ ಓದಿದ್ದೇವೆ. ಅದನ್ನು ತೆಗೆದರೆ ಭಯವೇ ಇರುವುದಿಲ್ಲವೇ?

ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯ ಆಕಾರದ, ಒಂದೊಂದೂ ಎರಡು ಘನ ಸೆಂಟಿಮೀಟರ್ ಸಹ ಇರದ ಮಿದುಳಿನ ಭಾಗ ಅದು. "ಭಯದ ಕೇಂದ್ರ" ಎಂಬ ಹಣೆಪಟ್ಟಿ ಅದಕ್ಕೆ ಅಂಟಿಬಿಟ್ಟಿದೆ, ಕಿತ್ತರೂ ಬರುತ್ತಿಲ್ಲ.

ಎಸ್‌ಎಂ ಎಂಬ ಅಕ್ಷರಗಳಿಂದಲೇ ವಿಜ್ಞಾನಕ್ಕೆ ಪರಿಚಿತರಾದ ಅಮೆರಿಕದ ಮಹಿಳೆಯೊಬ್ಬರಿಗೆ ಅಪರೂಪದ ಅನುವಂಶಿಕ ಕಾಯಿಲೆಯಿಂದ ಎರಡೂ ಅಮಿಗ್ಡಲ ನಾಶವಾಗಿದ್ದವು. ಹಾವು, ಜೇಡ, ದೆವ್ವದ ಮನೆ ಯಾವುದಕ್ಕೂ ಅವರು ಹೆದರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡರು. 2013ರಲ್ಲಿ ಅವರಿಗೂ, ಅದೇ ಕಾಯಿಲೆಯ ಇನ್ನಿಬ್ಬರಿಗೂ 35 ಪ್ರತಿಶತ ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಒಂದೇ ಒಂದು ಉಸಿರು ಎಳೆಸಿದಾಗ ಮೂವರಿಗೂ ಪ್ಯಾನಿಕ್ ಆಯಿತು. ಹೊರಗಿನಿಂದ ಬರುವ ಅಪಾಯವನ್ನು ಗುರುತಿಸಲು ಅಮಿಗ್ಡಲ ಬೇಕು. ಒಳಗಿನಿಂದ ಉಸಿರು ಕಟ್ಟುವ ದಿಗಿಲಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ.

ಇನ್ನು ಎಂಆರ್‌ಐನಲ್ಲಿ ಅದನ್ನು ನೋಡುವ ಕಷ್ಟ. 3 ಮಿಲಿಮೀಟರಿನ ಘನಗಳಾಗಿ ಮಿದುಳನ್ನು ಕತ್ತರಿಸಿದರೆ ಒಂದು ಅಮಿಗ್ಡಲಕ್ಕೆ ಐವತ್ತು ಅರವತ್ತು ಘನ ಸಿಗುತ್ತವೆ, ಅಷ್ಟರಲ್ಲಿ ಹತ್ತಕ್ಕೂ ಹೆಚ್ಚು ಸಣ್ಣ ಕೇಂದ್ರಗಳು ತುರುಕಿಕೊಂಡಿವೆ. ಪಕ್ಕದ ಸೈನಸ್ಸುಗಳ ಗಾಳಿಯಿಂದ ಅಲ್ಲಿನ ಸಂಕೇತ ಮಂಕಾಗುತ್ತದೆ. ರಕ್ತದ ಹರಿವು ತುತ್ತತುದಿ ಮುಟ್ಟಲು 5ರಿಂದ 6 ಸೆಕೆಂಡು ಬೇಕು, ಬೆಚ್ಚಿಬೀಳಲು ಅದರ ನೂರರಲ್ಲೊಂದು ಪಾಲು ಸಾಕು.

ನನ್ನ ಸ್ಕ್ಯಾನ್ ನೋಡಿ ನನಗೆ ಆತಂಕದ ಕಾಯಿಲೆ ಇದೆಯೋ ಇಲ್ಲವೋ ಹೇಳುತ್ತೀರಾ?

ಇಲ್ಲ. ಹೇಳುತ್ತೇವೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ನೂರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಬ್ಬರ ಸ್ಕ್ಯಾನಿನಲ್ಲಿ ಕಾಣಬೇಕಿಲ್ಲ. ಗಂಡಸರು ಸರಾಸರಿಯಾಗಿ ಹೆಂಗಸರಿಗಿಂತ ಎತ್ತರ. ಹಾಗೆಂದು ಎತ್ತರ ಒಂದನ್ನೇ ಕೇಳಿ ಗಂಡೋ ಹೆಣ್ಣೋ ಹೇಳಲು ಹೋದರೆ ಎಷ್ಟು ಸಲ ತಪ್ಪುತ್ತೀರಿ ನೋಡಿ. ಮೇಲಾಗಿ, ಕೆಲಸ ಕೊಟ್ಟು ಮಾಡುವ ಎಂಆರ್‌ಐ ಅಳತೆಗಳು ಅದೇ ವ್ಯಕ್ತಿಯಲ್ಲಿ ಮತ್ತೆ ಮಾಡಿದರೆ ಅಷ್ಟಾಗಿ ಹೊಂದುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಮಿದುಳಿನ ಚಿತ್ರವನ್ನು ಜನರ ಸ್ವಭಾವಕ್ಕೆ ಗಂಟುಹಾಕಲು ಸಾವಿರಾರು ಜನ ಬೇಕಾಗುತ್ತದೆ ಎಂದು 2022ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. "ಅಮಿಗ್ಡಲ ಬೆಳಗಿತು, ಆದ್ದರಿಂದ ಹೆದರಿದ್ದಾನೆ" ಎಂಬ ತರ್ಕವೂ ತಲೆಕೆಳಗು. ಹೊಸದು, ಆಸೆಯದು, ಅನುಮಾನದ್ದು ಯಾವುದನ್ನು ಕಂಡರೂ ಅದು ಬೆಳಗಬಹುದು.

ಸ್ಕ್ಯಾನಿನಲ್ಲಿ ಗಡ್ಡೆಯಂಥ ಏನಾದರೂ ಅನಿರೀಕ್ಷಿತವಾಗಿ ಕಂಡರೆ ಏನು ಮಾಡುತ್ತಾರೆ ಎಂಬುದು ಒಪ್ಪಿಗೆ ಪತ್ರದಲ್ಲಿರಬೇಕು. ಇಲ್ಲದಿದ್ದರೆ ಸಹಿ ಹಾಕುವ ಮೊದಲು ಕೇಳಿ.

ಪ್ರಶ್ನಾವಳಿಗಳು ಕನ್ನಡದಲ್ಲಿ ಸಿಗುತ್ತವೆಯೇ? ಯಾಕೆ ಕೆಲವು ಪ್ರಶ್ನೆ ವಿಚಿತ್ರವಾಗಿರುತ್ತವೆ?

ಸಿಗುತ್ತವೆ. ವಿಚಿತ್ರವಾಗಿರುವುದು ಅನುವಾದದ ಪಾಪ. ಹೆಚ್ಚು ಬಳಕೆಯಲ್ಲಿರುವ ಜಿಎಡಿ-7 ಎಂಬ ಆತಂಕದ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 21. ಐದಕ್ಕೆ ಸೌಮ್ಯ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ ಎಂದು ಗೆರೆ. ಹತ್ತು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು ಎಂದರ್ಥವೇ ಹೊರತು ಕಾಯಿಲೆ ಖಚಿತವಾಯಿತು ಎಂದಲ್ಲ.

ತೊಡಕು ಪದಗಳಲ್ಲಿದೆ. "ಆತಂಕ" ಎಂದು ಪುಸ್ತಕದಲ್ಲಿ ಬರೆಯುತ್ತೇವೆ, ಆದರೆ "ಅಡ್ಡಿ ಆತಂಕವಿಲ್ಲದೆ ಕೆಲಸ ಮುಗಿಯಿತು" ಎನ್ನುವಲ್ಲಿ ಅದರ ಅರ್ಥ ತೊಡಕು, ತಡೆ. "ಆತಂಕ ಆಗುತ್ತದೆಯೇ" ಎಂದರೆ ಇಲ್ಲ ಎನ್ನುವವರು "ಟೆನ್ಷನ್ ಆಗುತ್ತದಾ" ಎಂದರೆ ಅರ್ಧ ಗಂಟೆ ಮಾತಾಡಿಯಾರು. ಭಯ, ಅಂಜಿಕೆ, ದಿಗಿಲು, ಗಾಬರಿ, ಕಳವಳ, ತಳಮಳ, ದುಗುಡ: ಒಂದೊಂದಕ್ಕೂ ಒಂದೊಂದು ತೂಕ. ಅಂಜಿಕೆಯಲ್ಲಿ ಹಿರಿಯರ ಮುಂದಿನ ಸಂಕೋಚವೂ ಇದೆ. ದುಗುಡದಲ್ಲಿ ದುಃಖ ಬೆರೆತಿದೆ, ಅದನ್ನು ಆತಂಕದ ಪ್ರಶ್ನೆಗೆ ಹಾಕಿದರೆ ಖಿನ್ನತೆಯ ಅಂಕವೂ ಸೇರಿಕೊಂಡು ಬರುತ್ತದೆ. ಧಾರವಾಡದ ಕಡೆ "ಎದಿ ಧಸಕ್ಕಂತು" ಎನ್ನುವುದನ್ನು ಮೈಸೂರಿನಲ್ಲಿ "ಎದೆ ಝಲ್ಲೆಂದಿತು" ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅಂಚಿನ ಮೇಲೆ ಕೂತಂತೆ ಎಂಬ ನುಡಿಗಟ್ಟನ್ನು ಹಾಗೇ ಇಳಿಸಿದರೆ ಓದಿದವರು ಯಾವ ಅಂಚು ಎಂದು ಕೇಳುತ್ತಾರೆ. "ತುದಿಗಾಲಲ್ಲಿ ನಿಂತಂತೆ" ಎಂದರೆ ಉತ್ಸಾಹದ ಅರ್ಥ ಬಂದುಬಿಡುತ್ತದೆ.

ಸರಿಯಾದ ಕ್ರಮವೆಂದರೆ ಒಬ್ಬರು ಕನ್ನಡಕ್ಕೆ ತರುವುದು, ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಒಯ್ಯುವುದು, ಎರಡನ್ನೂ ಹೋಲಿಸುವುದು, ಆಮೇಲೆ ಬೇರೆ ಬೇರೆ ಜಿಲ್ಲೆಯ ಹತ್ತಿಪ್ಪತ್ತು ಜನರಿಗೆ ಓದಿಸಿ "ಇದರಿಂದ ನಿಮಗೆ ಏನು ಅರ್ಥವಾಯಿತು" ಎಂದು ಕೇಳುವುದು. ಕೊನೆಯ ಹೆಜ್ಜೆಯನ್ನೇ ಎಲ್ಲರೂ ಬಿಡುತ್ತಾರೆ. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನೆ ನಡುವಿನ ಚೌಕಕ್ಕೆ ಗುರುತು ಹಾಕಬೇಡಿ, ಅರ್ಥವಾಗಲಿಲ್ಲ ಎಂದು ಹೇಳಿ. ಅದೂ ಡೇಟಾ.

ಎಂಜಲು ಯಾಕೆ ತೆಗೆದುಕೊಳ್ಳುತ್ತಾರೆ?

ಅದರಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆಯಲು. 1993ರಲ್ಲಿ ಜರ್ಮನಿಯ ಟ್ರಿಯರ್‌ನಲ್ಲಿ ರೂಪುಗೊಂಡ ಒತ್ತಡದ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ: ಸ್ವಲ್ಪ ಹೊತ್ತು ತಯಾರಿ, ಮುಖದಲ್ಲಿ ಯಾವ ಭಾವವನ್ನೂ ತೋರದ ತೀರ್ಪುಗಾರರ ಎದುರು 5 ನಿಮಿಷ ಭಾಷಣ, ಆಮೇಲೆ 5 ನಿಮಿಷ ಬಾಯಿಲೆಕ್ಕ. 1022ರಿಂದ ಹದಿಮೂರು ಹದಿಮೂರು ಕಳೆಯುತ್ತ ಹೋಗಬೇಕು: 1009, 996, 983... ತಪ್ಪಿದರೆ ಮತ್ತೆ 1022ರಿಂದ. ಕಾರ್ಟಿಸಾಲ್ ಏರುವುದು ನಿಧಾನ, ಲೆಕ್ಕ ಮುಗಿದು ಹತ್ತಿಪ್ಪತ್ತು ನಿಮಿಷದ ಮೇಲೆಯೇ ತುದಿ ಮುಟ್ಟುತ್ತದೆ. ಎಲ್ಲ ಮುಗಿದರೂ ಒಂದು ಗಂಟೆ ಕೂರಿಸಿ ಹತ್ತಿಯ ಸುರುಳಿ ಅಗಿಸುವುದು ಅದಕ್ಕೆ. ಬೆಳಿಗ್ಗೆ ಎದ್ದಾಗ ಕಾರ್ಟಿಸಾಲ್ ತಾನಾಗಿಯೇ ಹೆಚ್ಚಿರುತ್ತದೆ, ಹಾಗಾಗಿ ಮಧ್ಯಾಹ್ನವೇ ಕರೆಯುತ್ತಾರೆ. ಬರುವ ಒಂದು ಗಂಟೆ ಮೊದಲಿನಿಂದ ಊಟ, ಕಾಫಿ, ಹಲ್ಲುಜ್ಜುವುದು ಬೇಡ. ಒಸಡಿನ ರಕ್ತ ಬೆರೆತರೆ ಮಾದರಿ ಕೆಟ್ಟಿತು. ಎಲೆಅಡಿಕೆ ಅಂತೂ ಬೇಡವೇ ಬೇಡ.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿಲ್ಲಿಸಿ ಬರಲೇ?

ನಿಲ್ಲಿಸಬೇಡಿ. ಯಾವ ಅಧ್ಯಯನಕ್ಕಾಗಿಯೂ, ನಿಮ್ಮ ವೈದ್ಯರು ಹೇಳದೆ, ಮಾತ್ರೆ ಬಿಡಬಾರದು. ಯಾವುದು, ಎಷ್ಟು ಎಂದು ತಿಳಿಸಿ. ರಕ್ತದೊತ್ತಡಕ್ಕೆ, ಕೈನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಎದೆಬಡಿತವನ್ನೇ ಬದಲಿಸುತ್ತದೆ, ನಿದ್ದೆಯ ಮಾತ್ರೆ ಬೆಚ್ಚುವಿಕೆಯನ್ನು ಕುಗ್ಗಿಸುತ್ತದೆ, ಗರ್ಭನಿರೋಧಕ ಗುಳಿಗೆ ಎಂಜಲಿನ ಕಾರ್ಟಿಸಾಲ್ ಏರಿಕೆಯನ್ನು ಮಂಕು ಮಾಡುತ್ತದೆ. ಮುಟ್ಟಿನ ದಿನ ಕೇಳಿದರೆ ಮುಜುಗರ ಬೇಡ: ಈಸ್ಟ್ರೊಜೆನ್ ಮಟ್ಟ ಕಲಿತ ಭಯ ಇಳಿಯುವ ರೀತಿಯ ಮೇಲೆ ಪ್ರಭಾವ ಬೀರುತ್ತದೆ.

ಇಲಿಗಳ ಮೇಲಿನ ಪ್ರಯೋಗದಿಂದ ಮನುಷ್ಯರ ಬಗ್ಗೆ ಏನು ತಿಳಿಯುತ್ತದೆ?

ಇದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಆಗ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರೂ ಸೇರಿದ ತಂಡ 2002ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗದಂತೆ ಹಿಡಿದಿಟ್ಟರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದವು. ಅದು ಮೊದಲೇ ಗೊತ್ತಿದ್ದದ್ದು. ಅಮಿಗ್ಡಲದಲ್ಲಿ ಅದೇ ಕೊಂಬೆಗಳು ಬೆಳೆದವು. ಅದೇ ಒತ್ತಡ, ಅದೇ ಪ್ರಾಣಿ, ಎರಡು ಜಾಗದಲ್ಲಿ ಎದುರುಬದುರು ಫಲ. 2004ರಲ್ಲಿ, ಒತ್ತಡ ನಿಲ್ಲಿಸಿ 21 ದಿನ ಬಿಟ್ಟು ನೋಡಿದರೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತ್ತು, ಅಮಿಗ್ಡಲ ಬೆಳೆದಂತೆಯೇ ಇತ್ತು, ಇಲಿಗಳ ಆತಂಕವೂ ಇಳಿದಿರಲಿಲ್ಲ. 2005ರದ್ದು ಇನ್ನೂ ವಿಚಿತ್ರ: ಒಂದೇ ಸಲ 2 ಗಂಟೆ ಹಿಡಿದಿಟ್ಟರೆ ಮರುದಿನ ಅಮಿಗ್ಡಲದಲ್ಲಿ ಬದಲಾವಣೆ ಇಲ್ಲ, 10 ದಿನ ಕಳೆದ ಮೇಲೆ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು (ನರಕೋಶಗಳು ಒಂದಕ್ಕೊಂದು ಸೇರುವ ಪುಟ್ಟ ಚಾಚುಗಳು) ಎದ್ದಿದ್ದವು. ಆಘಾತ ಕಳೆದು ತಿಂಗಳಾದ ಮೇಲೆ ಕಾಡಲು ಶುರುವಾಗುವ ಲಕ್ಷಣಗಳನ್ನು ನೋಡಿದವರಿಗೆ ಇದು ಎಲ್ಲೋ ಕಂಡಂತೆ ಇರುತ್ತದೆ.

ಇಲಿಯ ಆತಂಕವನ್ನು ಅಳೆಯುವುದು ನೆಲದಿಂದ ಎತ್ತರದ ಕೂಡುರಸ್ತೆಯಂಥ ಹಲಗೆಯ ಮೇಲೆ: ಎರಡು ತೋಳಿಗೆ ಗೋಡೆ, ಎರಡಕ್ಕೆ ಇಲ್ಲ. 5 ನಿಮಿಷದಲ್ಲಿ ಬಯಲು ತೋಳಿನಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ಎಣಿಸುತ್ತಾರೆ. ಇಲಿಗೆ ಏನನ್ನಿಸಿತು ಎಂದು ಯಾರೂ ಕೇಳಲಾರರು.

ಕಲಿತ ಭಯವನ್ನು ಅಳಿಸಿಹಾಕಬಹುದೇ?

ಶಾಕ್ ಇಲ್ಲದೆ ನೀಲಿ ಚೌಕವನ್ನು ಮತ್ತೆ ಮತ್ತೆ ತೋರಿಸಿದರೆ ಬೆವರು ನಿಲ್ಲುತ್ತದೆ. ಆದರೆ ಹಳೆಯ ನೆನಪು ಅಳಿದಿಲ್ಲ. ಅದರ ಮೇಲೆ "ಈಗ ಪರವಾಗಿಲ್ಲ" ಎಂಬ ಹೊಸ ನೆನಪು ಕೂತಿದೆ. ವಾರ ಬಿಟ್ಟು ಬನ್ನಿ, ಬೇರೆ ಕೋಣೆಗೆ ಹೋಗಿ, ಎಚ್ಚರಿಕೆಯಿಲ್ಲದೆ ಒಂದು ಶಾಕ್ ಕೊಡಿ: ಮೂರರಲ್ಲಿ ಯಾವುದಾದರೂ ಸಾಕು, ಭಯ ಮರಳುತ್ತದೆ. ಆತಂಕಕ್ಕೆ ಕೊಡುವ ಎದುರಿಸುವ ಚಿಕಿತ್ಸೆಯನ್ನು ಒಂದೇ ಕ್ಲಿನಿಕ್ಕಿನಲ್ಲಿ ಮಾಡಿ ಮುಗಿಸದೆ ಬಸ್ಸು, ಮಾರುಕಟ್ಟೆ, ಮದುವೆಮನೆ ಎಂದು ಜಾಗ ಬದಲಿಸಿ ಮಾಡಿಸುವುದು ಈ ಕಾರಣಕ್ಕೆ.

ನೆನಪನ್ನು ಕೆದಕಿ, ಅದು ಮತ್ತೆ ಗಟ್ಟಿಯಾಗುವ ಮೊದಲು ತಿದ್ದಬಹುದು ಎಂಬ ಆಸೆ 2000ದಲ್ಲಿ ಇಲಿಗಳ ಕೆಲಸದಿಂದ ಹುಟ್ಟಿತು. 2010ರಲ್ಲಿ ಮನುಷ್ಯರಲ್ಲೂ ಆಗುತ್ತದೆ ಎಂಬ ವರದಿ ಬಂತು. ಆಮೇಲೆ ಪುನರಾವರ್ತಿಸಲು ಹೋದ ಹಲವರಿಗೆ ಅದು ಸಿಗಲಿಲ್ಲ. ಸದ್ಯಕ್ಕೆ ಚಿಕಿತ್ಸೆ ಎಂದು ಮಾರುವಷ್ಟು ಗಟ್ಟಿ ಇಲ್ಲ.

ಮಧ್ಯದಲ್ಲಿ ಎದ್ದು ಹೋಗಬಹುದೇ?

ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಇರಬೇಕು, ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. 18 ವರ್ಷದೊಳಗಿನವರಿಗೆ ತಂದೆ ತಾಯಿಯ ಸಹಿಯ ಜೊತೆಗೆ, ಏಳು ದಾಟಿದ ಮಗುವಿನ ಸ್ವಂತ ಒಪ್ಪಿಗೆಯೂ ಬೇಕು. ಡೇಟಾ ಹಂಚುವ ಮೊದಲು ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕುತ್ತಾರೆ. ಎಂಆರ್‌ಐ ಚಿತ್ರದಿಂದ ಮುಖದ ಭಾಗವನ್ನೇ ಅಳಿಸಬೇಕು, ಏಕೆಂದರೆ ಅದರಿಂದ ಮುಖವನ್ನು ಮರಳಿ ಕಟ್ಟಬಹುದು.

ಅಲ್ಲಿ ಚಿಕಿತ್ಸೆ ಸಿಗುತ್ತದೆಯೇ?

ಲ್ಯಾಬು ಆಸ್ಪತ್ರೆಯಲ್ಲ. ಸಹಾಯ ಬೇಕಿದ್ದರೆ ಅಧ್ಯಯನ ಮುಗಿಯಲಿ ಎಂದು ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416; ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಇಂಥ ಲ್ಯಾಬಿಗೆ ಸೇರಬೇಕೆಂದಿದ್ದೇನೆ. ಮೊದಲು ಏನು ಕಲಿಯಲಿ?

ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಯಾರೂ ಹೇಳದೆ ಬಿಡುವುದು ಸಮಯದ ಲೆಕ್ಕ. 60 ಹರ್ಟ್ಜ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. ಚಿತ್ರ ತೋರಿಸು ಎಂದು ಕಂಪ್ಯೂಟರ್ ಹೇಳಿದ್ದಕ್ಕೂ ಪರದೆಯಲ್ಲಿ ಅದು ಬಂದದ್ದಕ್ಕೂ ಅದಕ್ಕಿಂತ ಹೆಚ್ಚು ಅಂತರ ಇರಬಹುದು. ಪರದೆಯ ಮೂಲೆಗೆ ಬೆಳಕನ್ನು ಗುರುತಿಸುವ ಫೋಟೋಡಯೋಡ್ ಅಂಟಿಸಿ ಅಳೆದು ನೋಡದೆ ಒಬ್ಬ ಸ್ವಯಂಸೇವಕರನ್ನೂ ಕೂರಿಸಬೇಡಿ. ಐವತ್ತು ಜನರ ಡೇಟಾ ಮುಗಿದ ಮೇಲೆ ಸಮಯದ ಗುರುತುಗಳು ಹಿಂದೆ ಮುಂದೆ ಕುಣಿಯುತ್ತಿದ್ದವು ಎಂದು ಗೊತ್ತಾದರೆ ತಿದ್ದಲು ದಾರಿಯೇ ಇಲ್ಲ.

ಮತ್ತೆ, ಎಲೆಕ್ಟ್ರೋಡು ತೊಳೆಯುವುದು. ಜೆಲ್ ಒಣಗುವ ಮೊದಲು, ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ಷು. ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದರೆ ಮೇಲಿನ ಬೆಳ್ಳಿಕ್ಲೋರೈಡಿನ ಪದರ ಕಿತ್ತುಬರುತ್ತದೆ, ಮರುದಿನದ ಗೆರೆ ಬೆಳಗಿನಿಂದ ಸಂಜೆಯವರೆಗೆ ತೇಲುತ್ತಲೇ ಇರುತ್ತದೆ.